ಫಿಲ್ಟರ್ ಎನ್ವಲಪ್ ಎಷ್ಟು ಎಳೆದರೂ ಸದ್ದು ಬದಲಾಗುತ್ತಿಲ್ಲ (ಸರ್ಜ್ ಎಕ್ಸ್‌ಟಿ)

ಕೊಪ್ಪಳ_ಏಕತಾರಿ:
ಎಲ್ಲರಿಗೂ ನಮಸ್ಕಾರ. ನಮ್ಮ ಓಣಿಯ ಭಜನೆಯವರು ಹಾಡಿದ ತತ್ವಪದವೊಂದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೇನೆ. ಅದರ ಕೆಳಗೆ ಏಕತಾರಿ ಮೀಟಿದ ಹಾಗೆ ಒಂದು ಬೇಸ್ ಬೇಕು. ಸರ್ಜ್ ಎಕ್ಸ್‌ಟಿ ಅನ್ನುವ ಸಿಂಥ್ (ಕಂಪ್ಯೂಟರಿನಲ್ಲೇ ಸದ್ದು ಹುಟ್ಟಿಸುವ ಸಾಫ್ಟ್‌ವೇರ್) ಹಾಕಿಕೊಂಡೆ, ಪುಕ್ಕಟೆ ಅಲ್ವಾ. ಸಾ ವೇವ್ (ಗರಗಸದ ಹಲ್ಲಿನಂಥ ಅಲೆ) ಇಟ್ಟು ಫಿಲ್ಟರ್ ಇಜಿಯ, ಅಂದರೆ ಎನ್ವಲಪ್‌ನ, ಅಟ್ಯಾಕ್ (ಏರುವ ಹೊತ್ತು), ಡಿಕೇ (ಇಳಿಯುವ ಹೊತ್ತು) ಎಲ್ಲ ಮೇಲೆ ಕೆಳಗೆ ಎಳೆದೆ. ಏನೂ ಆಗಲಿಲ್ಲ. ಪಕ್ಕದ ಆಂಪ್ ಇಜಿ (ಸದ್ದಿನ ಜೋರಿನ ಎನ್ವಲಪ್) ಎಳೆದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಎರಡು ಸಲ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದೆ. ಲ್ಯಾಪ್‌ಟಾಪ್ ಹಳೇದು, ಅದಕ್ಕೇನಾ?

ಬಳ್ಳಾರಿ_ಬೇಸ್:
ಲ್ಯಾಪ್‌ಟಾಪಿಗೆ ಸುಮ್ನೆ ಬೈಯಬೇಡ ತಮ್ಮಾ. ಮೊದಲು ಫಿಲ್ಟರ್ 1ರ ಟೈಪ್ ನೋಡು. ‘ಆಫ್’ ಅಂತಿದ್ದರೆ ಲೋಪಾಸ್ 24 ಡಿಬಿ (ಮೇಲಿನ ಸದ್ದು ಸೋಸಿ ಕೆಳಗಿನದನ್ನು ಬಿಡುವ ಫಿಲ್ಟರ್) ಮಾಡು.

ಆಮೇಲೆ ಅಸಲಿ ವಿಷಯ. ಎಷ್ಟು ಹೊತ್ತಿನಲ್ಲಿ ಏರಬೇಕು, ಎಷ್ಟು ಹೊತ್ತಿನಲ್ಲಿ ಇಳಿಯಬೇಕು, ಇಷ್ಟನ್ನೇ ಎನ್ವಲಪ್ ಹೇಳುವುದು. ಎಷ್ಟು ದೂರ ಏರಬೇಕು ಅನ್ನುವುದಕ್ಕೆ ಕಟಾಫ್ (ಎಲ್ಲಿಂದ ಮೇಲಿನದನ್ನು ಸೋಸಬೇಕು ಅನ್ನುವ ಗುರುತು) ಹತ್ತಿರವೇ ಬೇರೆ ಸ್ಲೈಡರ್ ಇದೆ. ಅದು ಸೊನ್ನೆಯಲ್ಲಿದ್ದರೆ ನೀನು ಡಿಕೇ ಎಷ್ಟೇ ಎಳೆದರೂ ಫಿಲ್ಟರಿಗೆ ಸುದ್ದಿಯೇ ಮುಟ್ಟುವುದಿಲ್ಲ.

ಕಟಾಫ್ ಎಲ್ಲಿದೆ? ಪೂರ್ತಿ ಮೇಲಿದ್ದರೂ ಇದೇ ಗೋಳು. ಟಿ.ಬಿ. ಡ್ಯಾಮಿನ ಗೇಟು ಪೂರ್ತಿ ಎತ್ತಿಟ್ಟು, ಇನ್ನೂ ಎತ್ತು ಅಂದರೆ ನೀರು ಜಾಸ್ತಿ ಬರುತ್ತದಾ?

ಕಟಾಫ್ 200 ಹರ್ಟ್ಸ್‌ಗೆ ಇಳಿಸು. ಆ ಸ್ಲೈಡರ್ +36 ಸೆಮಿಟೋನ್ ಮಾಡು. 12 ಸೆಮಿಟೋನಿಗೆ ಒಂದು ಆಕ್ಟೇವ್, ಅಂದರೆ ದುಪ್ಪಟ್ಟು. 200, 400, 800, 1600. ಮೀಟಿದ ಕೂಡಲೇ ಫಿಲ್ಟರ್ 1600ಕ್ಕೆ ಹಾರಿ, ಮತ್ತೆ 200ಕ್ಕೆ ಬಂದು ಕೂರುತ್ತದೆ. ಅಟ್ಯಾಕ್ ಪೂರ್ತಿ ಕೆಳಗೆ, ಡಿಕೇ 300 ಮಿಲಿಸೆಕೆಂಡ್, ಸಸ್ಟೇನ್ (ಡಿಕೇ ಇಳಿದು ನಿಲ್ಲುವ ಮಟ್ಟ) ಸೊನ್ನೆ. ಸಸ್ಟೇನ್ ಪೂರ್ತಿ ಮೇಲಿದ್ದರೆ ಡಿಕೇಗೆ ಇಳಿಯಲು ಜಾಗವೇ ಇರುವುದಿಲ್ಲ, ಇದನ್ನು ಮರೆಯಬೇಡ.

ನಿಜವಾದ ತಂತಿಯೂ ಹೀಗೇ. ಮೀಟಿದಾಗ ಚುರುಕಾಗಿ ಶುರುವಾಗುತ್ತದೆ, ಮೇಲಿನ ಸ್ವರಾಂಶಗಳು ಬೇಗ ಸಾಯುತ್ತವೆ, ಕೆಳಗಿನವು ಉಳಿದುಕೊಳ್ಳುತ್ತವೆ. ಸೈನ್ ವೇವ್ ಇಟ್ಟಿದ್ದರೆ ಈ ಆಟ ನಡೆಯುತ್ತಿರಲಿಲ್ಲ, ಅದರಲ್ಲಿ ಸೋಸಲು ಮೇಲೇನೂ ಇಲ್ಲ.

ಕೊಪ್ಪಳ_ಏಕತಾರಿ:
ಅಣ್ಣಾ, ಬಂತು! ಟೈಪ್ ಆಫ್ ಇತ್ತು, ಸ್ಲೈಡರೂ ಸೊನ್ನೆಯಲ್ಲೇ ಇತ್ತು. ಮಧ್ಯೆ ಕರೆಂಟ್ ಹೋಗಿ ಸೇವ್ ಮಾಡದ್ದೆಲ್ಲ ಹೋಯಿತು, ಇನ್ನೊಮ್ಮೆ ಮಾಡಿದೆ. ಈಗ ಬೇರೆ ತಕರಾರು. ಮೊದಲ ಸ್ವರ ‘ಟಂವ್’ ಅಂತ ಚೆನ್ನಾಗಿ ಬರುತ್ತದೆ. ಅದಕ್ಕೆ ಹತ್ತಿಕೊಂಡೇ ಬರುವ ಎರಡನೆಯದು, ಮೂರನೆಯದು ಮಂಕು. ಪ್ಲೇ ಮೋಡ್ ‘ಮೊನೊ ಎಸ್‌ಟಿ’ ಇಟ್ಟಿದ್ದೇನೆ.

ರಾಯಚೂರು_ಬಿಸಿಲು:
ಉತ್ತರ ನೀವೇ ಕೊಟ್ಟಿದ್ದೀರಿ. ಮೊನೊ ಅಂದರೆ ಒಂದು ಸಲಕ್ಕೆ ಒಂದೇ ಸ್ವರ, ಎಸ್‌ಟಿ ಅಂದರೆ ಸಿಂಗಲ್ ಟ್ರಿಗರ್. ಹಿಂದಿನ ಕೀ ಬಿಡುವ ಮೊದಲೇ ಮುಂದಿನದು ಒತ್ತಿದರೆ ಎನ್ವಲಪ್ ಮೊದಲಿಂದ ಶುರುವಾಗುವುದಿಲ್ಲ. ಅದು ಆಗಲೇ 200ಕ್ಕೆ ಇಳಿದು ಕೂತಿದೆ, ಅದಕ್ಕೇ ಮಂಕು. ಬರೀ ‘ಮೊನೊ’ ಮಾಡಿ. ಇಲ್ಲವಾದರೆ ಪಿಯಾನೊ ರೋಲಿನಲ್ಲಿ (ನೋಟುಗಳನ್ನು ಪಟ್ಟಿಗಳಾಗಿ ತೋರಿಸುವ ಕಿಟಕಿ) ನೋಟುಗಳ ಬಾಲ ಸ್ವಲ್ಪ ಕತ್ತರಿಸಿ, ಒಂದರ ಮೇಲೊಂದು ಬೀಳದ ಹಾಗೆ. ನನಗೆ ಎರಡನೆಯದೇ ಇಷ್ಟ. ಬೇಕೆಂದಲ್ಲಿ ಎರಡು ನೋಟು ಅಂಟಿಸಿ ಬಿಟ್ಟರೆ, ಒಂದೇ ಮೀಟಿನಲ್ಲಿ ಸ್ವರ ಬದಲಾದ ಹಾಗೆ ಕೇಳುತ್ತದೆ.

ಬಳ್ಳಾರಿ_ಬೇಸ್:
ಹೌದ್ರೀ, ಅದು ನನಗೆ ಹೊಳೆದಿರಲಿಲ್ಲ. ತಮ್ಮಾ, ಇನ್ನೊಂದು: ಫಿಲ್ಟರಿನ ರಿಲೀಸ್ (ಕೀ ಬಿಟ್ಟ ಮೇಲೆ ಇಳಿಯುವ ಹೊತ್ತು) ಉದ್ದ ಮಾಡಿದರೂ ಆಂಪ್ ರಿಲೀಸ್ ಗಿಡ್ಡ ಇದ್ದರೆ ಅದು ಕೇಳಿಸುವುದಿಲ್ಲ. ಸದ್ದೇ ನಿಂತ ಮೇಲೆ ಫಿಲ್ಟರ್ ಏನು ಮಾಡೀತು.

ಕೊಪ್ಪಳ_ಏಕತಾರಿ:
ನೋಟುಗಳ ಬಾಲ ಕತ್ತರಿಸಿದೆ, ಈಗ ಎಲ್ಲವೂ ಮೀಟಿದ ಹಾಗೇ ಇವೆ. ಎರಡು ಕಡೆ ಮಾತ್ರ ಅಂಟಿಸಿ ಬಿಟ್ಟಿದ್ದೇನೆ. ನಮ್ಮ ಅಜ್ಜನಿಗೆ ಕೇಳಿಸಿದೆ. ‘ತಂತಿ ಸ್ವಲ್ಪ ಸಡಿಲ ಆಗೇತಿ, ಬಿಗಿ ಮಾಡು’ ಅಂದ. ಡಿಕೇ 220ಕ್ಕೆ ಇಳಿಸಿ ನೋಡುತ್ತಿದ್ದೇನೆ.