ಅಪ್‌ಡೇಟ್: ನೀಲಿ ಸ್ಕ್ರೀನ್ ಕಾಟ ತಪ್ತು

ಹಳೇ 8 ಜಿಬಿ ರ‍್ಯಾಮ್ ಜೊತೆ ಹೊಸ 8 ಜಿಬಿ ಹಾಕಿದ ಮೇಲೆ ಡೆಸ್ಕ್‌ಟಾಪ್ ಅರ್ಧ ಗಂಟೆಗೊಮ್ಮೆ ನೀಲಿ ಸ್ಕ್ರೀನ್ ತೋರಿಸಿ ನಿಂತುಹೋಗುತ್ತೆ ಅಂತ ಹೋದ ವಾರ ಕೇಳಿದ್ದೆನಲ್ಲ, ಸರಿಹೋಯ್ತು.

ಎರಡೂ ಡಿಡಿಆರ್4 ಜಾತಿಯವೇ, ಆದ್ರೆ ಹಳೇದರ ವೇಗ 2400, ಹೊಸದರದು 3200. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಬರೋ ಸೆಟ್ಟಿಂಗ್ಸ್) ಎಕ್ಸ್‌ಎಂಪಿ, ಅಂದ್ರೆ ರ‍್ಯಾಮನ್ನ ಜಾಸ್ತಿ ವೇಗದಲ್ಲಿ ಓಡಿಸೋ ಆಯ್ಕೆ, ಆನ್ ಇತ್ತು. 3200ರ ಓಟಕ್ಕೆ ಹಳೇದು ಏದುಸಿರು ಬಿಡ್ತಿತ್ತು. ನೀವು ಹೇಳಿದಂಗೆ ಆ ಆಯ್ಕೆನ ಆಫ್ ಮಾಡಿ ಎರಡನ್ನೂ 2400ಕ್ಕೆ ಇಳಿಸಿದೆ. ಕ್ಯಾಬಿನೆಟ್ ಬಿಚ್ಚಿದ್ರೆ ಧೂಳೋ ಧೂಳು, ದಾವಣಗೆರೆ ಬೇಸಿಗೆ ಗೊತ್ತಲ್ಲ. ಮಗಳ ರಬ್ಬರಿನಿಂದ ರ‍್ಯಾಮಿನ ಹೊಂಬಣ್ಣದ ಪಿನ್ನುಗಳನ್ನ ಮೆಲ್ಲಗೆ ಉಜ್ಜಿ, ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ‘ಟಕ್’ ಅನ್ನೋವರೆಗೂ ಒತ್ತಿದೆ. ಮೊದಲು ಅಕ್ಕಪಕ್ಕ ಹಾಕಿದ್ದಕ್ಕೆ ಡ್ಯುಯಲ್ ಚಾನೆಲ್ಲೇ (ಎರಡೂ ಜೋಡಿಯಾಗಿ ವೇಗವಾಗಿ ಕೆಲಸ ಮಾಡೋದು) ಸಿಗ್ತಿರಲಿಲ್ಲ. ರಾತ್ರಿಯಿಡೀ ರ‍್ಯಾಮ್ ಪರೀಕ್ಷೆ ಮಾಡೋ ಮೆಮ್‌ಟೆಸ್ಟ್86 ಓಡಿಸಿದೆ: ನಾಲ್ಕು ಸುತ್ತು, ಒಂದೂ ಎರರ್ ಇಲ್ಲ.

ಅಂಗಡಿಯವ್ರು ‘ಮದರ್‌ಬೋರ್ಡೇ ಹೋಗಿದೆ ಸಾರ್’ ಅಂದಿದ್ರು! ಸಲಹೆ ಕೊಟ್ಟ ಅಣ್ಣ ಈ ಕಡೆ ಬಂದ್ರೆ ಮಂಡಕ್ಕಿ-ಮಿರ್ಚಿ ನನ್ನ ಲೆಕ್ಕ.