ಪೂರ್ಣ ಸ್ಕ್ಯಾನೋ, ಲಾಜಿಕ್ ಬಿಸ್ಟೋ? ಮಾಡಿ ನೋಡಿದವರು ತಿಳಿಸಿ

ಪ್ರಶ್ನೆ:
ನಮ್ಮ ಚಿಪ್ ವಿನ್ಯಾಸದಲ್ಲಿ, ಒಂದೊಂದು ಬಿಟ್ ಹಿಡಿದಿಡುವ ಸುಮಾರು 20,000 ಫ್ಲಿಪ್‌ಫ್ಲಾಪ್‌ಗಳೂ ನಾಲ್ಕು ಕ್ಲಾಕ್‌ಗಳೂ ಇವೆ. ಪರೀಕ್ಷೆಗೆ ಬಿಟ್ಟುಕೊಡಬಹುದಾದ ಪಿನ್‌ಗಳು ಎಂಟೇ. ಸ್ಕ್ಯಾನ್ (ಫ್ಲಾಪ್‌ಗಳನ್ನು ಸರಪಳಿಯಾಗಿ ಹೊಲಿದು ಹೊರಗಿನಿಂದ ಪರೀಕ್ಷಾ ಬಿಟ್‌ಗಳನ್ನು ತಳ್ಳುವುದು) ಮಾತ್ರ ಸಾಕೇ, ಬಿಸ್ಟ್ (ಚಿಪ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಸರ್ಕ್ಯೂಟ್) ಕೂಡ ಬೇಕೇ? ದಯವಿಟ್ಟು ಅನುಭವ ಹಂಚಿಕೊಳ್ಳಿ.

ಉತ್ತರ 1:
ಪೂರ್ಣ ಸ್ಕ್ಯಾನ್ ಮಾಡಿ, ಎಲ್ಲ ಫ್ಲಾಪ್‌ಗಳನ್ನೂ ಸರಪಳಿಗೆ ಸೇರಿಸಿ, ಬೇರೆ ಯೋಚನೆಯೇ ಬೇಡ. ವಿಸ್ತೀರ್ಣ ಉಳಿಸುವ ಆಸೆಗೆ ಬಿದ್ದು ನಾನು ಕೆಲವು ಫ್ಲಾಪ್‌ಗಳನ್ನು ಸರಪಳಿಯಿಂದ ಹೊರಗಿಟ್ಟಿದ್ದೆ. ಅವುಗಳಲ್ಲಿ ಒಂದು 24 ಬಿಟ್ ಕೌಂಟರ್ ಇತ್ತು. ಅದರ ಮೇಲ್ತುದಿಯ ಬಿಟ್ ಸೊನ್ನೆಯಿಂದ ಒಂದಕ್ಕೆ ಬರಬೇಕಾದರೆ 83,88,608 ಕ್ಲಾಕ್‌ಗಳು ಬೇಕಾದ್ದರಿಂದ, ಆ ಬಿಟ್ಟನ್ನು ನಂಬಿದ್ದ ಲಾಜಿಕ್‌ನ ಸ್ಟಕ್-ಅಟ್ ದೋಷಗಳಿಗೆ (ತಂತಿ 0 ಅಥವಾ 1ರಲ್ಲೇ ಅಂಟಿಕೊಳ್ಳುವುದು) ಎಟಿಪಿಜಿ, ಅಂದರೆ ಪರೀಕ್ಷಾ ಪ್ಯಾಟರ್ನ್ ತಯಾರಿಸುವ ಸಾಫ್ಟ್‌ವೇರ್, ಒಂದೇ ಒಂದು ಪ್ಯಾಟರ್ನ್ ಕೊಡಲಿಲ್ಲ. ಲೇಔಟ್ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ಮತ್ತೆ ಹೊಲಿಯಲು ಐದು ವಾರ ಹಿಡಿಯಿತು. ಉಳಿಸಿದ ವಿಸ್ತೀರ್ಣದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಉತ್ತರ 2:
ಸ್ಕ್ಯಾನ್ ಹೊಲಿದರೆ ಎಲ್ಲವೂ ಮುಗಿಯಿತು ಎಂಬಂತೆ ಬರೆಯಬೇಡಿ. ನಮ್ಮಲ್ಲಿ ಎರಡು ಕ್ಲಾಕ್ ವಲಯಗಳ ಗಡಿಯಲ್ಲಿ ಬಿಟ್ಟನ್ನು ಅರ್ಧ ಕ್ಲಾಕ್ ತಡೆದಿಡುವ ಲಾಕಪ್ ಲ್ಯಾಚ್ ಒಂದೇ ಒಂದು ಬಿಟ್ಟುಹೋಗಿತ್ತು. 00110011 ಎಂದು ತಳ್ಳಿದ ಮಾಲೆ ಒಂದು ಕ್ಲಾಕ್ ಮುಂಚಿತವಾಗಿಯೇ ಹೊರಬಂತು. ಶಿಫ್ಟ್ ವೇಗವನ್ನು 10 ಮೆಗಾಹರ್ಟ್ಸ್‌ನಿಂದ 1 ಮೆಗಾಹರ್ಟ್ಸ್‌ಗೆ ಇಳಿಸಿ ಎರಡು ದಿನ ಕಳೆದೆವು. ಹೋಲ್ಡ್ ದೋಷ (ಹೊಸ ಬಿಟ್ ತೀರಾ ಬೇಗ ಬಂದು ಹಳೆಯದನ್ನು ಅಳಿಸುವುದು) ನಿಧಾನಿಸಿದರೆ ಹೋಗುವಂಥದ್ದಲ್ಲ ಎಂಬುದು ಆ ಆತಂಕದಲ್ಲಿ ಯಾರಿಗೂ ಹೊಳೆಯಲಿಲ್ಲ. ಇನ್ನು ಸಮಯದ ಲೆಕ್ಕ: 20,000 ಫ್ಲಾಪ್‌ಗಳ ಒಂದೇ ಸರಪಳಿಗೆ 1,500 ಪ್ಯಾಟರ್ನ್ ಎಂದರೆ 3 ಕೋಟಿ ಕ್ಲಾಕ್, ಅಂದರೆ 10 ಮೆಗಾಹರ್ಟ್ಸ್‌ನಲ್ಲಿ ಪ್ರತಿ ಚಿಪ್‌ಗೆ 3 ಸೆಕೆಂಡ್. ಕಂಪ್ರೆಷನ್ (ಕೆಲವೇ ಪಿನ್‌ಗಳಿಂದ ಹಲವು ಸರಪಳಿಗಳನ್ನು ತುಂಬುವ ಸರ್ಕ್ಯೂಟ್) ಹಾಕಿ ಒಳಗೆ 100 ಸರಪಳಿ ಮಾಡಿದರೆ ಪ್ರತಿ ಪ್ಯಾಟರ್ನ್‌ಗೆ 200 ಕ್ಲಾಕ್ ಸಾಕು.

ಉತ್ತರ 3:
ಇಬ್ಬರೂ ಕಾರ್ಖಾನೆಯ ಟೆಸ್ಟರ್ ಮುಂದೆ ಕುಳಿತೇ ಮಾತನಾಡುತ್ತಿದ್ದೀರಿ. ನಮ್ಮ ಚಿಪ್ ಉಪಕರಣದೊಳಗೆ ಕೂತ ಮೇಲೂ ವಿದ್ಯುತ್ ಬಂದಾಗಲೆಲ್ಲ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕಿತ್ತು. ಬಿಸ್ಟ್ ಇಲ್ಲದೆ ಅದು ಆಗುವ ಕೆಲಸವಲ್ಲ. ಕಷ್ಟ ಪಟ್ಟದ್ದು ನಿಜ. ಆರಂಭಿಕ ಮೌಲ್ಯವಿಲ್ಲದ ಒಂದು ಮೆಮೊರಿಯ ಔಟ್‌ಪುಟ್ ಎಂಐಎಸ್‌ಆರ್ (ಫಲಿತಾಂಶಗಳನ್ನೆಲ್ಲ ಸಿಗ್ನೇಚರ್ ಎಂಬ ಒಂದು ಚಿಕ್ಕ ಸಂಖ್ಯೆಗೆ ಕುಗ್ಗಿಸುವ ರಿಜಿಸ್ಟರ್) ತಲುಪಿ, ಪ್ರತಿ ಸಲವೂ ಬೇರೆ ಸಿಗ್ನೇಚರ್ ಬರುತ್ತಿತ್ತು. ಆ ಒಂದು ಎಕ್ಸ್ (ಮೌಲ್ಯ ಗೊತ್ತಿಲ್ಲದ ಬಿಟ್) ಹುಡುಕಲು ಹನ್ನೊಂದು ದಿನ ಬೇಕಾಯಿತು.

ಉತ್ತರ 1, ಮತ್ತೆ:
ಹನ್ನೊಂದು ದಿನ ಕಳೆದೂ ಸಿಕ್ಕಿದ್ದೇನು? ಬಿಸ್ಟ್ ಕೊಡುವುದು ಯಾದೃಚ್ಛಿಕ ಪ್ಯಾಟರ್ನ್‌ಗಳನ್ನು. 32 ಬಿಟ್‌ಗಳ ಹೋಲಿಕೆ ಸರ್ಕ್ಯೂಟ್ ಒಂದಿದ್ದರೆ, ಎಲ್ಲ ಬಿಟ್‌ಗಳೂ ಹೊಂದುವ ಯಾದೃಚ್ಛಿಕ ಪ್ಯಾಟರ್ನ್ ಸುಮಾರು 429 ಕೋಟಿಗೆ ಒಮ್ಮೆ ಬರುತ್ತದೆ. ಎಟಿಪಿಜಿ ಅದನ್ನು ನೇರವಾಗಿ ಬರೆದುಕೊಡುತ್ತದೆ.

ಉತ್ತರ 3, ಮತ್ತೆ:
ಟೆಸ್ಟ್ ಪಾಯಿಂಟ್ (ಒಳಗಿನ ಬಿಂದುವನ್ನು ಗಮನಿಸಲು ಅಥವಾ ನಿಯಂತ್ರಿಸಲು ಸೇರಿಸುವ ಸರ್ಕ್ಯೂಟ್) ಎಂಬುದು ಇರುವುದೇ ಅದಕ್ಕಾಗಿ. ಹೋಲಿಕೆಯನ್ನು ಎಂಟೆಂಟು ಬಿಟ್‌ಗಳ ನಾಲ್ಕು ಭಾಗ ಮಾಡಿ ಪ್ರತಿ ಭಾಗವನ್ನೂ ಗಮನಿಸಿದರೆ, ಪ್ರತಿ ಭಾಗ ಹೊಂದುವ ಸಾಧ್ಯತೆ 256ಕ್ಕೆ ಒಂದು. ಮಾಡದೆಯೇ ಟೀಕಿಸುವುದು ಸರಿಯಲ್ಲ.

ಉತ್ತರ 1, ಮತ್ತೆ:
ಮಾಡಿದ್ದೇನೆ, ಸ್ವಾಮಿ. ಅತಿ ನಿಧಾನದ ಪಥದಲ್ಲೇ ಟೆಸ್ಟ್ ಪಾಯಿಂಟಿನ ನಿಯಂತ್ರಣ ಗೇಟ್ ಬಂದು ಕೂತು ಟೈಮಿಂಗ್ ಕೆಟ್ಟಿತು.

ಉತ್ತರ 2, ಮತ್ತೆ:
ನಿಮ್ಮಿಬ್ಬರ ವಾದದಲ್ಲಿ ಶಿಫ್ಟ್ ಪವರ್ (ಸರಪಳಿಯಲ್ಲಿ ಬಿಟ್ ತಳ್ಳುವಾಗ ಖರ್ಚಾಗುವ ವಿದ್ಯುತ್) ಮರೆತೇಹೋಯಿತು. ನಮ್ಮಲ್ಲಿ ಒಳ್ಳೆಯ ಚಿಪ್‌ಗಳೇ ಫೇಲಾದವು: ಎಟಿಪಿಜಿ ಖಾಲಿ ಬಿಟ್‌ಗಳನ್ನು ಯಾದೃಚ್ಛಿಕವಾಗಿ ತುಂಬಿದ್ದರಿಂದ ಸರಿಸುಮಾರು ಅರ್ಧದಷ್ಟು ಫ್ಲಾಪ್‌ಗಳು ಒಟ್ಟಿಗೆ ಹೊರಳಿ ವೋಲ್ಟೇಜ್ ಕುಸಿಯುತ್ತಿತ್ತು. ಪಕ್ಕದ ಬಿಟ್‌ನ ಮೌಲ್ಯವನ್ನೇ ತುಂಬಿಸಿದ ಮೇಲೆ ಅವೇ ಚಿಪ್‌ಗಳು ಪಾಸಾದವು. ಅಷ್ಟರಲ್ಲಿ ಒಂದಿಡೀ ತಟ್ಟೆಯಷ್ಟು ಚಿಪ್‌ಗಳನ್ನು ನಾವು ಕೆಟ್ಟವೆಂದು ಎಸೆದಾಗಿತ್ತು.