‘ಯಂತ್ರ ಕಲಿಕೆ’: ಕಲಿಯುತ್ತಿರುವುದು ಯಾರು?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಆರ್ಥರ್ ಸ್ಯಾಮ್ಯುಯೆಲ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಐಬಿಎಂ ಎಂಬ ಕಂಪ್ಯೂಟರ್ ಕಂಪನಿಯಲ್ಲಿದ್ದು, ಕಂಪ್ಯೂಟರಿಗೆ ಚೆಕರ್ಸ್ ಎಂಬ ಮಣೆಯಾಟ ಕಲಿಸಿದವರು ಅವರು. ನಮ್ಮ ಹುಲಿ-ಕುರಿ ಆಟದಲ್ಲಿ ಹುಲಿ ಕುರಿಯನ್ನು ಹಾರಿ ಹೊಡೆಯುತ್ತದಲ್ಲ, ಚೆಕರ್ಸ್‌ನಲ್ಲೂ ಕಾಯಿ ಹೊಡೆಯುವುದು ಹಾಗೆಯೇ. ‘ಮಷೀನ್ ಲರ್ನಿಂಗ್’, ಅಂದರೆ ಯಂತ್ರ ಅನುಭವದಿಂದ ತಾನೇ ಕಲಿಯುವುದು, ಎಂಬ ಮಾತು 1959ರ ಅವರ ಪ್ರಬಂಧದ ಹೆಸರಿನಲ್ಲೇ ಇದೆ.

ಇದಕ್ಕೆ ಕನ್ನಡದಲ್ಲಿ ‘ಯಂತ್ರ ಕಲಿಕೆ’ ಎಂದು ಬರೆಯುವುದು ಜಾಸ್ತಿ. ನಾನೂ ಹಾಗೇ ಬರೆದು ತಂಗಿಯ ಮಗಳ ಕೈಗೆ ಕೊಟ್ಟೆ. “ಮೋಟರ್ ರಿಪೇರಿ ಕಲಿಯೋದಾ, ದೊಡ್ಡಮ್ಮ?” ಎಂದಳು. ಅವಳು ಓದಿದ್ದು ಸರಿಯಾಗಿಯೇ ಇದೆ. ‘ಕನ್ನಡ ಕಲಿಕೆ’ ಎಂದರೆ ಕನ್ನಡವನ್ನು ಕಲಿಯುವುದು. ‘ಸಂಗೀತ ಕಲಿಕೆ’ಯೂ ಅಷ್ಟೇ. ಕಲಿಯುವವರನ್ನು ಹೇಳಬೇಕಾದಾಗ ‘ಮಕ್ಕಳ ಕಲಿಕೆ’ ಎನ್ನುತ್ತೇವೆ, ‘ಮಕ್ಕಳು ಕಲಿಕೆ’ ಎನ್ನುವುದಿಲ್ಲ ಅಲ್ವಾ? ಆ ಲೆಕ್ಕದಲ್ಲಿ ‘ಯಂತ್ರದ ಕಲಿಕೆ’ ಆಗಬೇಕು. ನನ್ನ ಲೇಖನದಲ್ಲಿ ಹಾಗೇ ತಿದ್ದಿದ್ದೇನೆ. ಬೇರೆಯವರ ಬರಹದಲ್ಲಿ ‘ದ’ ಬಿಟ್ಟದ್ದಕ್ಕೆ ಕಾರಣವಿದ್ದರೆ ತಿಳಿಸಿ, ಒಪ್ಪಿಕೊಳ್ಳುತ್ತೇನೆ.

ಇನ್ನೊಂದು ಪದ ಇದಕ್ಕಿಂತ ಕಷ್ಟದ್ದು. ಸ್ಯಾಮ್ಯುಯೆಲ್ ಎರಡು ಬಗೆಯ ಕಲಿಕೆಯನ್ನು ಪರೀಕ್ಷಿಸಿದರು. ಮೊದಲನೆಯದರಲ್ಲಿ, ಆಟದಲ್ಲಿ ಕಂಡ ಕಾಯಿಗಳ ಜೋಡಣೆಯನ್ನೂ ಅದು ಎಷ್ಟು ಅನುಕೂಲ ಎಂಬ ಅಂಕವನ್ನೂ ಕಂಪ್ಯೂಟರ್ ಟೇಪಿನಲ್ಲಿ ಹಾಗೇ ಕೂಡಿಡುತ್ತದೆ. ಇದಕ್ಕೆ ‘ಉರು ಹೊಡೆಯುವುದು’ ಸಾಕು. ‘ಬಾಯಿಪಾಠ’ವೂ ಆದೀತು, ಆದರೆ ಯಂತ್ರಕ್ಕೆ ಬಾಯಿ ಎಲ್ಲಿ ಎಂದು ಮಕ್ಕಳು ಕೇಳುತ್ತಾರೆ.

ಎರಡನೆಯದರಲ್ಲಿ ಕಂಪ್ಯೂಟರ್ ತನ್ನೊಡನೆ ತಾನೇ ಆಡುತ್ತದೆ. ಒಂದು ಪಕ್ಷ ಆಲ್ಫಾ, ಇನ್ನೊಂದು ಬೀಟಾ. ಆಲ್ಫಾ ಆಡುತ್ತಾ ಆಡುತ್ತಾ, ಯಾವ ಅಂಶಕ್ಕೆ ಎಷ್ಟು ತೂಕ ಕೊಡಬೇಕು ಎಂಬ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ಬೀಟಾ ಆಟ ಮುಗಿಯುವ ತನಕ ತನ್ನ ಲೆಕ್ಕ ಬದಲಿಸುವುದಿಲ್ಲ. ಆಲ್ಫಾ ಗೆದ್ದರೆ ಅದರ ಲೆಕ್ಕವೇ ಬೀಟಾಗೂ ಸಿಗುತ್ತದೆ. ಎಂಟು-ಹತ್ತು ಗಂಟೆ ಆಡಿದರೆ ಸಾಕು, ಕಂಪ್ಯೂಟರ್ ತನ್ನ ಪ್ರೋಗ್ರಾಂ ಬರೆದವರಿಗಿಂತ ಚೆನ್ನಾಗಿ ಆಡಬಲ್ಲದು ಎಂದು ಸ್ಯಾಮ್ಯುಯೆಲ್ ಬರೆದರು. ಇದನ್ನು ಓದಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಉರು ಹೊಡೆದ ಯಂತ್ರ ಆಟದ ಆರಂಭವನ್ನು ಚೆನ್ನಾಗಿ ಆಡುತ್ತಿತ್ತು. ತಿದ್ದಿಕೊಂಡು ಕಲಿತದ್ದು ಆರಂಭದಲ್ಲಿ ಎಡವಿದರೂ ನಡುವಿನ ಆಟದಲ್ಲಿ ಗಟ್ಟಿಯಾಗಿತ್ತು.

ಈ ಎರಡನೆಯ ಬಗೆಯನ್ನು ಏನೆಂದು ಕರೆಯೋಣ? ಸ್ಯಾಮ್ಯುಯೆಲ್ ಇಟ್ಟ ಹೆಸರು ‘ಜನರಲೈಸೇಷನ್’; ಅದನ್ನು ‘ಸಾಮಾನ್ಯೀಕರಣ’ ಎಂದರೆ ಮಕ್ಕಳಿಗೆ ಏನೂ ಕಾಣಿಸುವುದಿಲ್ಲ. ‘ಪಳಗುವುದು’ ಎಂಬುದರತ್ತ ನನ್ನ ಒಲವು. ‘ಪಳಗಿದ ಕೈ’ ಎನ್ನುತ್ತೇವಲ್ಲ, ಮಾಡಿ ಮಾಡಿ ಬಂದ ಜಾಣ್ಮೆ ಅದರಲ್ಲಿದೆ. ಆದರೆ ‘ಪಳಗಿದ ಆನೆ’ಯೂ ಇದೆ. ಆನೆಯನ್ನು ಪಳಗಿಸುವುದು ಮಾವುತ. ಇಲ್ಲಿ ಮಾವುತನಿಲ್ಲ, ಆಲ್ಫಾ ಪಳಗುವುದು ಬೀಟಾ ಜೊತೆ ಆಡಿಯೇ. ‘ಕೈ ಕುದುರುವುದು’ ಎಂದೂ ಯೋಚಿಸಿದೆ. ನಮ್ಮಮ್ಮ ರಂಗೋಲಿಯ ವಿಷಯಕ್ಕೆ ಹಾಗೆ ಹೇಳುತ್ತಿದ್ದರು.

ನಿಮ್ಮ ಕಡೆ ಚೌಕಾಬಾರ, ಅಳಗುಳಿಮಣೆ ಆಡಿ ಆಡಿ ಚುರುಕಾದವರನ್ನು ಏನೆನ್ನುತ್ತಾರೆ? ಅಂಥ ಕ್ರಿಯಾಪದವೊಂದು ಸಿಕ್ಕರೆ ಲೇಖನದಲ್ಲಿ ಅದನ್ನೇ ಬಳಸುತ್ತೇನೆ.